ಹಾಸನ ಪೇಟೆಯಲ್ಲಿ ಜಂತುಹುಳು ಮಾತ್ರೆ: ನನ್ನ ಅನುಭವ

ಜಂತುಹುಳು ನಿವಾರಣಾ ದಿನದ ಕೆಲಸ ಹಳ್ಳಿಗಿಂತ ಪೇಟೆಯಲ್ಲೇ ಕಷ್ಟ. ಹಳ್ಳಿಯ ಮಕ್ಕಳು ಅಂಗನವಾಡಿಯಲ್ಲೋ ಸರ್ಕಾರಿ ಶಾಲೆಯಲ್ಲೋ ಸಿಗುತ್ತಾರೆ. ಹಾಸನದ ಒಂದೇ ವಾರ್ಡಿನ ಮಕ್ಕಳು ನಾಲ್ಕಾರು ಖಾಸಗಿ ಶಾಲೆ, ಪಿಯು ಕಾಲೇಜು, ಕಟ್ಟಡ ಕೆಲಸದವರ ಶೆಡ್ಡು ಅಂತ ಚದುರಿಹೋಗಿರುತ್ತಾರೆ. ಅದಕ್ಕೇ ಎರಡು ವಾರ ಮೊದಲೇ ಆಶಾ ಕಾರ್ಯಕರ್ತೆಯರ ಜೊತೆ ಬೀದಿ ಬೀದಿ ಸುತ್ತಿ 1ರಿಂದ 19 ವರ್ಷದವರ ಪಟ್ಟಿ ಮಾಡಿಕೊಳ್ಳುತ್ತೇವೆ. ಶಾಲೆಗೇ ಸೇರದ ಮಕ್ಕಳು ಸಿಗುವುದು ಹೀಗೆ ಸುತ್ತಿದಾಗ ಮಾತ್ರ.

ಕೊಡುವುದು ಆಲ್ಬೆಂಡಜೋಲ್ 400 ಮಿಲಿಗ್ರಾಂ. 1ರಿಂದ 2 ವರ್ಷದವರಿಗೆ ಅರ್ಧ, ಅದಕ್ಕಿಂತ ದೊಡ್ಡವರಿಗೆ ಒಂದು. ಮೂರು ವರ್ಷದೊಳಗಿನವರಿಗೆ ಇಡೀ ಮಾತ್ರೆ ಬಾಯಿಗೆ ಹಾಕಲೇಬಾರದು, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಎರಡು ಚಮಚದ ನಡುವೆ ಇಟ್ಟು ಒತ್ತಿ, ಹರಳು ಉಳಿಯದಂತೆ ಪುಡಿ ಮಾಡಿ, ಕುಡಿಯುವ ನೀರಲ್ಲಿ ಕಲಸಿ ಕೊಡಬೇಕು. ಅಳುವ ಮಗುವಿನ ಮೂಗು ಹಿಡಿದು ಕುಡಿಸಲು ನಾನು ಎಲ್ಲೂ ಬಿಡುವುದಿಲ್ಲ. ಅಳು ನಿಲ್ಲಲಿ, ಕಾಯಬಹುದು. ದೊಡ್ಡವರು ನಮ್ಮೆದುರೇ ಜಗಿದು ನೀರು ಕುಡಿಯಬೇಕು. ಜ್ವರವೋ ಬೇರೆ ಕಾಯಿಲೆಯೋ ಇದ್ದವರಿಗೆ ಅವತ್ತು ಬೇಡ, ವಾಸಿಯಾದ ಮೇಲೆ ಕೊಟ್ಟರಾಯಿತು.

ಖಾಸಗಿ ಶಾಲೆಗಳಲ್ಲಿ ಆಗುವ ದೊಡ್ಡ ತಪ್ಪು ಮಾತ್ರೆಯನ್ನು ಮನೆಗೆ ಕಳಿಸುವುದು. ಅದು ಬ್ಯಾಗಿನಲ್ಲೇ ಉಳಿಯುತ್ತದೆ, ಲೆಕ್ಕದಲ್ಲಿ ಮಾತ್ರ ಹೊಟ್ಟೆಗೆ ಹೋಗಿರುತ್ತದೆ. "ನಮ್ಮ ಮಕ್ಕಳಿಗೆ ಹುಳ ಇಲ್ಲ ಮೇಡಂ" ಅನ್ನುವ ಪೋಷಕರಿಗೆ ವಾರ ಮುಂಚೆಯೇ ಶಾಲೆಯ ವಾಟ್ಸಾಪ್ ಗುಂಪಿನಲ್ಲಿ ವಿಷಯ ತಿಳಿಸುತ್ತೇವೆ: ಸ್ವಲ್ಪ ಹುಳ ಇದ್ದರೆ ಹೊರಗೆ ಏನೂ ಕಾಣುವುದಿಲ್ಲ, ಆದರೆ ಕೊಕ್ಕೆಹುಳು ರಕ್ತ ಹೀರುತ್ತದೆ, ರಕ್ತಹೀನತೆ ಬರುತ್ತದೆ.

ಶೆಡ್ಡುಗಳಿಗೆ ಹಗಲು ಹೋದರೆ ತಾಯಂದಿರೆಲ್ಲ ಕೆಲಸದಲ್ಲಿರುತ್ತಾರೆ. ಮೇಸ್ತ್ರಿಗೆ ಹಿಂದಿನ ದಿನವೇ ಹೇಳಿಟ್ಟು ಸಂಜೆ ಆರೂವರೆ ಮೇಲೆ ಹೋಗಬೇಕು. ಹಿಂದಿ ಬಲ್ಲವರೊಬ್ಬರು ಜೊತೆಗಿರಲಿ.

ಹೊಟ್ಟೆಯಲ್ಲಿ ಹುಳ ಜಾಸ್ತಿ ಇರುವ ಮಗುವಿಗೆ ಹೊಟ್ಟೆನೋವು, ವಾಕರಿಕೆ ಆಗಬಹುದು. ನೆರಳಲ್ಲಿ ಮಲಗಿಸಿ ನೀರು ಕೊಟ್ಟರೆ ಸಾಮಾನ್ಯವಾಗಿ ಕಡಿಮೆಯಾಗುತ್ತದೆ, ಆಗದಿದ್ದರೆ 108. ಆ ಮಗುವನ್ನು ತರಗತಿಯಿಂದ ಬೇರೆ ಕೂರಿಸಿ. ಒಬ್ಬರು ವಾಂತಿ ಮಾಡಿದ್ದು ಕಂಡರೆ ಉಳಿದವರಿಗೂ ಹೊಟ್ಟೆ ತೊಳಸುತ್ತದೆ, ಗಾಬರಿ ಊರೆಲ್ಲ ಹಬ್ಬುತ್ತದೆ.

ಹಾಜರಿ ಪುಸ್ತಕದಲ್ಲಿ ಮೊದಲ ದಿನ ತೆಗೆದುಕೊಂಡವರಿಗೆ ಒಂದು ಟಿಕ್, ತಪ್ಪಿಹೋದವರಿಗೆಂದೇ ಆಮೇಲೆ ಇಡುವ ಮಾಪ್-ಅಪ್ ದಿನ ತೆಗೆದುಕೊಂಡವರಿಗೆ ಎರಡು. ಸಂಜೆ ಖಾಲಿ ಸ್ಟ್ರಿಪ್‌ಗಳನ್ನೂ ಟಿಕ್‌ಗಳನ್ನೂ ಎಣಿಸಿ ತಾಳೆ ನೋಡುತ್ತೇವೆ. ಹೊಂದದಿದ್ದರೆ ಆ ಶಾಲೆಗೆ ಮತ್ತೆ ಹೋಗುತ್ತೇವೆ.