ಪ್ರೋಗ್ರಾಂ ಓಪನ್ ಆಗ್ತಿಲ್ಲ, ವೈರಸ್ ಇರಬಹುದಾ? ಫಾರ್ಮ್ಯಾಟ್ ಹೊಡೆಯೋಕೆ ಮುಂಚೆ ಈ ಆರ್ಡರಲ್ಲಿ ನೋಡಿ

ನಿನ್ನೆವರೆಗೂ ಸರಿಯಾಗಿದ್ದ ವರ್ಡ್ ಇವತ್ತು ಓಪನ್ನೇ ಆಗಲ್ಲ, ಡಬಲ್ ಕ್ಲಿಕ್ ಮಾಡಿದ್ರೆ ಯಾವ್ದೋ ಡಿಎಲ್ಎಲ್ (ಪ್ರೋಗ್ರಾಂ ಓಡೋಕೆ ಬೇಕಾದ ಸಹಾಯಕ ಫೈಲ್) ಕಾಣ್ತಿಲ್ಲ ಅನ್ನುತ್ತೆ, ಇಲ್ಲಾಂದ್ರೆ ಸೊನ್ನೆ ಎಕ್ಸ್ ಸಿ ಅಂತ ಶುರುವಾಗೋ ಉದ್ದದ ಎರರ್ ನಂಬರ್ ತೋರ್ಸುತ್ತೆ. ರಿಪೇರಿ ಅಂಗಡಿಗೆ ತಗೊಂಡು ಹೋದ್ರೆ ಬಹಳ ಸಲ "ವೈರಸ್ ಸಾರ್, ಫಾರ್ಮ್ಯಾಟ್ ಹೊಡೀಬೇಕು" ಅನ್ನೋ ಉತ್ತರ ರೆಡಿ ಇರುತ್ತೆ. ಹೀಗೆ ಅವಸರದಲ್ಲಿ ಹೊಡೆದು ಮಗು ಫೋಟೋ, ನುಡೀಲಿ ಟೈಪ್ ಮಾಡಿಟ್ಟಿದ್ದ ಸಂಘದ ಲೆಕ್ಕಪತ್ರ ಎಲ್ಲಾ ಕಳ್ಕೊಂಡವರನ್ನ ನೋಡಿದ್ರೆ ನಿಜವಾಗ್ಲೂ ಹೊಟ್ಟೆ ಉರಿಯುತ್ತೆ, ಯಾಕಂದ್ರೆ ಫೈಲ್ ಕರಪ್ಟ್ ಆಗೋಕೆ ವೈರಸ್ಸೇ ಬೇಕಂತಿಲ್ಲ. ಹಾರ್ಡ್‌ಡಿಸ್ಕ್ ಸಾಯ್ತಾ ಇರಬಹುದು, ರ್‍ಯಾಮ್ ಕೆಟ್ಟಿರಬಹುದು, ವಿಂಡೋಸ್ ಅಪ್‌ಡೇಟ್ ಆಗ್ತಿರೋವಾಗ ಕರೆಂಟ್ ಹೋಗಿರಬಹುದು (ಮಳೆಗಾಲದಲ್ಲಿ ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್ ಇಟ್ಕೊಂಡವರಿಗೆ ಇದು ಹೊಸದಲ್ಲ). ನಾಲ್ಕಕ್ಕೂ ಮದ್ದು ಬೇರೆ ಬೇರೆ, ಒಂದರ ಮದ್ದು ಇನ್ನೊಂದಕ್ಕೆ ಕೊಟ್ರೆ ಇರೋದೂ ಹೋಗುತ್ತೆ. ಅದಕ್ಕೇ ಆರ್ಡರ್ ಮುಖ್ಯ: ಮೊದಲು ನಿಮ್ಮ ಫೈಲು, ಆಮೇಲೆ ಡಿಸ್ಕು, ಆಮೇಲೆ ವೈರಸ್ಸು, ಕೊನೇಲಿ ವಿಂಡೋಸ್ ರಿಪೇರಿ.

ವೈರಸ್ ಅನುಮಾನ ಇದ್ರೆ ಮೊದಲು ವೈಫೈ ಆಫ್ ಮಾಡಿ. ಆಮೇಲೆ ಬ್ಯಾಕಪ್. ಫೋಟೋ, ವಿಡಿಯೋ, ಡಾಕ್ಯುಮೆಂಟ್, ಪಿಡಿಎಫ್ ಇಷ್ಟೇ ಕಾಪಿ ಮಾಡಿ, ಸೆಟಪ್ ಫೈಲು, ಇಎಕ್ಸ್ಇ (ಪ್ರೋಗ್ರಾಂ ಫೈಲು), ಎಲ್ಲಿಂದಲೋ ತಂದ ಜಿಪ್ ಯಾವ್ದನ್ನೂ ಮುಟ್ಟಬೇಡಿ, ಅವನ್ನ ಮತ್ತೆ ಡೌನ್‌ಲೋಡ್ ಮಾಡ್ಕೋಬಹುದು. ಬೇರೆಯವರ ಕಂಪ್ಯೂಟರಲ್ಲಿ ಲಿನಕ್ಸ್ ಮಿಂಟ್ ಅಥವಾ ಉಬುಂಟುನ (ಎರಡೂ ವಿಂಡೋಸ್ ಬದಲು ಓಡೋ ಫ್ರೀ ಸಿಸ್ಟಮ್) ಪೆನ್‌ಡ್ರೈವ್‌ಗೆ ಹಾಕ್ಸಿಕೊಂಡು ಅದ್ರಿಂದ ಬೂಟ್ ಮಾಡಿ ಕಾಪಿ ಮಾಡೋದು ಇನ್ನೂ ಒಳ್ಳೇದು, ಆಗ ವಿಂಡೋಸ್ ಶುರುವೇ ಆಗಿರಲ್ಲ, ಅದ್ರಲ್ಲಿರೋ ವೈರಸ್ಸೂ ಓಡಲ್ಲ. ಹೊಸ ಲ್ಯಾಪ್‌ಟಾಪಲ್ಲಿ ಬಿಟ್‌ಲಾಕರ್ (ಡಿಸ್ಕಿಗೆ ಬೀಗ ಹಾಕೋ ವ್ಯವಸ್ಥೆ) ಆನ್ ಆಗಿದ್ರೆ ಮಾತ್ರ ರಿಕವರಿ ಕೀ ಬೇಕಾಗುತ್ತೆ, ಸಾಮಾನ್ಯವಾಗಿ ಅದು ನಿಮ್ಮ ಮೈಕ್ರೋಸಾಫ್ಟ್ ಅಕೌಂಟಲ್ಲಿ ಇರುತ್ತೆ, ಮೊದಲೇ ಬರೆದಿಟ್ಕೊಳ್ಳಿ.

ಈಗ ಡಿಸ್ಕ್. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅಂತ ಒಂದು ಚಿಕ್ಕ ಫ್ರೀ ಸಾಫ್ಟ್‌ವೇರ್ ಇದೆ, ಓಪನ್ ಮಾಡಿದ ತಕ್ಷಣ ಡಿಸ್ಕ್ ಆರೋಗ್ಯ ತೋರ್ಸುತ್ತೆ. ನೀಲಿ ಇದ್ರೆ ಸರಿ, ಹಳದಿಯಲ್ಲಿ "ಕಾಷನ್" ಅಂತಿದ್ರೆ ಅಲ್ಲೇ ನಿಂತ್ಕೊಳ್ಳಿ. ಹಳೆ ಹಾರ್ಡ್‌ಡಿಸ್ಕ್ ಆದ್ರೆ 05, ಸಿ5, ಸಿ6 ಅನ್ನೋ ಮೂರು ಸಾಲು ನೋಡಿ, ಅಲ್ಲಿ ರಾ ವ್ಯಾಲ್ಯೂಸ್ ಕಾಲಮಲ್ಲಿ ಸೊನ್ನೆ ಬಿಟ್ಟು ಬೇರೆ ಏನಾದ್ರೂ ಇದ್ದು ಅದು ದಿನಾ ಏರ್ತಾ ಇದ್ರೆ ಡಿಸ್ಕ್ ಹೋಗ್ತಾ ಇದೆ ಅಂತ ಅರ್ಥ. ಅಂಥ ಡಿಸ್ಕ್ ಮೇಲೆ ಚೆಕ್‌ಡಿಸ್ಕ್ ಸ್ಲ್ಯಾಶ್ ಆರ್ ಓಡಿಸಬೇಡಿ. ತುಂಬಾ ಜನ ಮೊದಲು ಹೇಳೋದೇ ಅದನ್ನ, ಆದ್ರೆ ಅದು ಇಡೀ ಡಿಸ್ಕನ್ನ ಮೂಲೆಮೂಲೆವರೆಗೂ ಗಂಟೆಗಟ್ಟಲೆ ಓದುತ್ತೆ, ಸಾಯ್ತಿರೋ ಡಿಸ್ಕ್ ಅಷ್ಟ್ರಲ್ಲಿ ಪೂರ್ತಿ ಹೋಗಿಬಿಡಬಹುದು. ಡೇಟಾ ತೆಗೆದು ಹೊಸ ಎಸ್ಎಸ್‌ಡಿ ಹಾಕ್ಸಿ, ಅಷ್ಟೇ. ಡಿಸ್ಕ್ ಸರಿ ಇದ್ದೂ ಅದೇ ಜಿಪ್ ಫೈಲು ಒಂದ್ಸಲ ಓಪನ್ ಆಗಿ ಇನ್ನೊಂದ್ಸಲ ಎರರ್ ಕೊಡ್ತಾ ಇದ್ರೆ ರ್‍ಯಾಮ್ ಮೇಲೆ ಅನುಮಾನ ಪಡಿ, ಸ್ಟಾರ್ಟ್ ಮೆನುವಲ್ಲಿ ವಿಂಡೋಸ್ ಮೆಮೊರಿ ಡಯಾಗ್ನಾಸ್ಟಿಕ್ ಹುಡುಕಿ ಓಡಿಸಿ.

ಇವೆರಡೂ ಚೆನ್ನಾಗಿದ್ರೆ ಆಗ ವೈರಸ್ ವಿಷಯಕ್ಕೆ ಬನ್ನಿ. ಟಾಸ್ಕ್ ಮ್ಯಾನೇಜರ್ ತೆರೆದ ತಕ್ಷಣ ತಾನೇ ಮುಚ್ಕೊಳ್ಳೋದು, ಡಿಫೆಂಡರ್ (ವಿಂಡೋಸ್ ಜೊತೆಗೇ ಬರೋ ಆಂಟಿವೈರಸ್) ಆನ್ ಮಾಡಿದ್ರೂ ಆಫ್ ಆಗೋದು, ಎಸ್‌ವಿಸಿಹೋಸ್ಟ್ ಅನ್ನೋ ಪ್ರೋಸೆಸ್ ವಿಂಡೋಸ್ ಫೋಲ್ಡರ್ ಬಿಟ್ಟು ಆ್ಯಪ್‌ಡೇಟಾ ಒಳಗಿಂದ ಓಡ್ತಾ ಇರೋದು (ರೈಟ್ ಕ್ಲಿಕ್ ಮಾಡಿ ಓಪನ್ ಫೈಲ್ ಲೊಕೇಷನ್ ಕೊಟ್ರೆ ಗೊತ್ತಾಗುತ್ತೆ), ಇವೆಲ್ಲ ಗಟ್ಟಿ ಸುಳಿವು. ಬ್ರೌಸರಲ್ಲಿ ದೊಡ್ಡದಾಗಿ ಸೈರನ್ ಕೂಗಿ ಮೈಕ್ರೋಸಾಫ್ಟ್‌ಗೆ ಫೋನ್ ಮಾಡಿ ಅಂತ ನಂಬರ್ ತೋರ್ಸೋದು ಮಾತ್ರ ಶುದ್ಧ ಮೋಸ, ಮೈಕ್ರೋಸಾಫ್ಟ್‌ನ ನಿಜವಾದ ಎರರ್ ಮೆಸೇಜಲ್ಲಿ ಫೋನ್ ನಂಬರ್ ಇರೋದೇ ಇಲ್ಲ. ಫೋನ್ ಮಾಡಿ ಎನಿಡೆಸ್ಕ್ (ದೂರದಿಂದ ನಿಮ್ಮ ಕಂಪ್ಯೂಟರ್ ನಡೆಸೋ ಆ್ಯಪ್) ಹಾಕ್ಸಿಕೊಂಡು ದುಡ್ಡು ಹೋಗಿದ್ರೆ ಕಂಪ್ಯೂಟರ್ ಆಮೇಲೆ ನೋಡ್ಕೊಳ್ಳಿ, ಮೊದಲು ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಸ್ಕ್ಯಾನ್ ಮಾಡೋಕೆ ದುಡ್ಡು ಕೊಟ್ಟು ಏನೂ ತಗೋಬೇಕಿಲ್ಲ. ಅಪ್‌ಡೇಟ್‌ಗೆ ಅಂತ ಮಾತ್ರ ನೆಟ್ ಆನ್ ಮಾಡಿ ಡಿಫೆಂಡರ್ ಅಪ್‌ಡೇಟ್ ಮಾಡಿ, ಆಮೇಲೆ ವಿಂಡೋಸ್ ಸೆಕ್ಯುರಿಟಿಯಲ್ಲಿ ವೈರಸ್ ಆ್ಯಂಡ್ ಥ್ರೆಟ್ ಪ್ರೊಟೆಕ್ಷನ್, ಅದ್ರೊಳಗೆ ಸ್ಕ್ಯಾನ್ ಆಪ್ಷನ್ಸ್, ಅಲ್ಲಿ ಆಫ್‌ಲೈನ್ ಸ್ಕ್ಯಾನ್ ಆರಿಸಿ. ಸಿಸ್ಟಮ್ ರೀಸ್ಟಾರ್ಟ್ ಆಗಿ, ಎಂದಿನ ವಿಂಡೋಸ್ ಏಳೋಕೆ ಮುಂಚೆನೇ ಸುಮಾರು 15 ನಿಮಿಷ ಹುಡುಕುತ್ತೆ, ಹಾಗಾಗಿ ಬಚ್ಚಿಟ್ಕೊಳ್ಳೋ ವೈರಸ್ಸಿಗೆ ಬಚ್ಚಿಟ್ಕೊಳ್ಳೋಕೆ ಅವಕಾಶ ಕಮ್ಮಿ. ಎರಡನೇ ಅಭಿಪ್ರಾಯಕ್ಕೆ ಮಾಲ್‌ವೇರ್‌ಬೈಟ್ಸ್ ಫ್ರೀ ವರ್ಷನ್ ಒಂದ್ಸಲ ಓಡಿಸಿ, ಅಥವಾ ನಮ್ಮ ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ ನಡೆಸೋ ಸೈಬರ್ ಸ್ವಚ್ಛತಾ ಕೇಂದ್ರದ ಸೈಟಲ್ಲಿ ಇರೋ ಫ್ರೀ ಟೂಲ್ ತಗೊಳ್ಳಿ. ಎರಡು ಆಂಟಿವೈರಸ್ ಒಟ್ಟಿಗೆ ಸದಾ ಆನ್ ಇಡಬೇಡಿ, ಒಂದಕ್ಕೊಂದು ಅಡ್ಡ ಬರ್ತವೆ.

ಸ್ಕ್ಯಾನಲ್ಲಿ ಏನು ಸಿಕ್ತು ಅನ್ನೋ ಹೆಸರು ಓದ್ದೇ ಕ್ಲೀನ್ ಒತ್ತಬೇಡಿ, ಇದನ್ನ ಒತ್ತಿ ಹೇಳ್ತೀನಿ. ಸ್ಯಾಲಿಟಿ, ವೈರಟ್, ರ್‍ಯಾಮ್ನಿಟ್ ಅನ್ನೋ ಹೆಸರು ಕಂಡ್ರೆ ಕಥೆ ಬೇರೆ. ಇವು ಫೈಲ್ ಇನ್ಫೆಕ್ಟರ್, ಅಂದ್ರೆ ಪಕ್ಕದಲ್ಲಿ ಒಂದು ಕೆಟ್ಟ ಫೈಲ್ ಇಟ್ಟು ಸುಮ್ನಿರಲ್ಲ, ಸಿಕ್ಕ ಸಿಕ್ಕ ಇಎಕ್ಸ್ಇ ಒಳಗೆಲ್ಲ ತಮ್ಮ ಕೋಡ್ ತುರುಕ್ತವೆ, ಹಂಗಾಗಿ ಒಂದೇ ವಾರದಲ್ಲಿ ಹತ್ತಾರು ಪ್ರೋಗ್ರಾಂ ಕೆಟ್ಟ ಹಾಗೆ ಕಾಣುತ್ತೆ, ಪೆನ್‌ಡ್ರೈವ್ ಹಾಕಿದ್ರೆ ಅದಕ್ಕೂ ಹೋಗುತ್ತೆ. ಆಂಟಿವೈರಸ್ ಕೋಡ್ ಕಿತ್ತು ಹಾಕಿದ್ರೂ ಆ ಪ್ರೋಗ್ರಾಂ ಮೊದಲಿನ ಸ್ಥಿತಿಗೆ ಬರುತ್ತೆ ಅನ್ನೋ ಗ್ಯಾರಂಟಿ ಇಲ್ಲ, ಅರ್ಧ ಸೀದ ಅನ್ನದಲ್ಲಿ ಮೇಲಿನ ಪದರ ತೆಗೆದ್ರೂ ವಾಸನೆ ಉಳಿದ ಹಾಗೆ. ಇಲ್ಲಿ ಮಾತ್ರ ಫಾರ್ಮ್ಯಾಟ್ ಸರಿಯಾದ ಉತ್ತರ, ಎಲ್ಲಾ ಪಾರ್ಟಿಷನ್ ಸೇರಿ. ಬರೀ ಸಿ ಡ್ರೈವ್ ಹೊಡೆದು ಡಿ ಡ್ರೈವಲ್ಲಿ ಹಳೆ ಸೆಟಪ್ ಫೈಲ್ ಹಾಗೇ ಉಳಿಸಿಕೊಂಡ್ರೆ ಮೊದಲ ಡಬಲ್ ಕ್ಲಿಕ್‌ಗೇ ವಾಪಸ್ ಬರುತ್ತೆ.

ಹಾಗಂತ ಆಂಟಿವೈರಸ್ ಹೇಳಿದ್ದೆಲ್ಲ ನಿಜಾನೂ ಅಲ್ಲ. ಕನ್ನಡ ಟೈಪಿಂಗ್ ಸಾಫ್ಟ್‌ವೇರ್ ಮಾಡೋ ಕೆಲಸವೇ ನೀವು ಒತ್ತಿದ ಕೀನ ನಡುವೆ ಹಿಡಿದು ಬದಲಾಯಿಸೋದು, ಕೀಲಾಗರೂ (ಟೈಪ್ ಮಾಡಿದ್ದನ್ನ ಕದಿಯೋ ಕಳ್ಳ ಸಾಫ್ಟ್‌ವೇರ್) ಕೀ ಹಿಡಿಯೋದ್ರಿಂದ ತಪ್ಪು ಅಲಾರಂ ಬರಬಹುದು. ಅನುಮಾನ ಬಂದ್ರೆ ಆ ಇಎಕ್ಸ್ಇನ ವೈರಸ್‌ಟೋಟಲ್‌ಗೆ ಅಪ್‌ಲೋಡ್ ಮಾಡಿ ನೋಡಿ, ಹತ್ತಾರು ಆಂಟಿವೈರಸ್ ಏನು ಹೇಳ್ತವೆ ಅಂತ ಒಂದೇ ಕಡೆ ಸಿಗುತ್ತೆ. ಖಾಸಗಿ ಡಾಕ್ಯುಮೆಂಟ್ ಮಾತ್ರ ಅಲ್ಲಿ ಹಾಕಬೇಡಿ, ಅಪ್‌ಲೋಡ್ ಆದ ಫೈಲು ಬೇರೆಯವರ ಕೈಗೂ ಸಿಗುತ್ತೆ.

ವೈರಸ್ ಹೋದ್ಮೇಲೆ ಮಾತ್ರ ವಿಂಡೋಸ್ ರಿಪೇರಿ, ಯಾಕಂದ್ರೆ ಅದು ಒಳಗಿದ್ದಾಗ ಸರಿ ಮಾಡಿದ್ದನ್ನ ಮತ್ತೆ ಕೆಡಿಸುತ್ತೆ. ಕಮಾಂಡ್ ಪ್ರಾಂಪ್ಟ್‌ನ ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ಇಂಗ್ಲಿಷ್ ಅಕ್ಷರದಲ್ಲಿ ಮೊದಲು ಡಿಐಎಸ್ಎಂ /ಆನ್‌ಲೈನ್ /ಕ್ಲೀನಪ್-ಇಮೇಜ್ /ರಿಸ್ಟೋರ್‌ಹೆಲ್ತ್ ಟೈಪ್ ಮಾಡಿ, ಪ್ರತಿ ಸ್ಲ್ಯಾಶ್ ಮುಂಚೆ ಒಂದು ಸ್ಪೇಸ್. ಇದಕ್ಕೆ ನೆಟ್ ಬೇಕು, ಒಂದೇ ಪರ್ಸೆಂಟಲ್ಲಿ ತುಂಬಾ ಹೊತ್ತು ನಿಂತ ಹಾಗೆ ಕಾಣುತ್ತೆ, ಮುಚ್ಚಬೇಡಿ. ಅದು ಮುಗಿದ್ಮೇಲೆ ಎಸ್ಎಫ್‌ಸಿ /ಸ್ಕ್ಯಾನ್‌ನೌ. ಕರಪ್ಟ್ ಫೈಲ್ ಸಿಕ್ತು, ರಿಪೇರಿ ಆಯ್ತು ಅಂದ್ರೆ ರೀಸ್ಟಾರ್ಟ್ ಮಾಡಿ ಇನ್ನೊಂದ್ಸಲ ಓಡಿಸಿ.

ಆದ್ರೆ ಎಸ್ಎಫ್‌ಸಿ ನೋಡೋದು ವಿಂಡೋಸ್‌ನ ಸ್ವಂತ ಫೈಲ್ ಮಾತ್ರ, ನಿಮ್ಮ ಟ್ಯಾಲಿನೋ ಫೋಟೋಶಾಪನ್ನೋ ಅದು ಮುಟ್ಟಲ್ಲ. ಅವನ್ನ ಅನ್‌ಇನ್‌ಸ್ಟಾಲ್ ಮಾಡಿ ಕಂಪನಿ ಸೈಟಿಂದ ಮತ್ತೆ ಹಾಕಿ, ಆಫೀಸ್ ಆದ್ರೆ ಆ್ಯಪ್ಸ್ ಲಿಸ್ಟಲ್ಲಿ ಮಾಡಿಫೈ ಒತ್ತಿ ಕ್ವಿಕ್ ರಿಪೇರ್ ಕೊಡಿ, ಅದಕ್ಕೂ ಬಗ್ಗದಿದ್ರೆ ಆನ್‌ಲೈನ್ ರಿಪೇರ್. ಎಂಎಸ್‌ವಿಸಿಪಿ140 ಡಿಎಲ್ಎಲ್ ಇಲ್ಲ ಅಂದ್ರೆ ಮೈಕ್ರೋಸಾಫ್ಟ್ ಸೈಟಿಂದ ವಿಷುಯಲ್ ಸಿ ಪ್ಲಸ್ ಪ್ಲಸ್ ರೀಡಿಸ್ಟ್ರಿಬ್ಯೂಟಬಲ್ ಹಾಕಿ, ಎಕ್ಸ್86, ಎಕ್ಸ್64 ಎರಡನ್ನೂ. ಬಿಡಿ ಡಿಎಲ್ಎಲ್ ಹಂಚೋ ಸೈಟುಗಳ ಕಡೆ ದಯವಿಟ್ಟು ಹೋಗಬೇಡಿ.

ವಿಂಡೋಸ್ 10ಕ್ಕೆ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಹಾಗಾಗಿ ಮತ್ತೆ ಇನ್‌ಸ್ಟಾಲ್ ಮಾಡೋ ಪರಿಸ್ಥಿತಿ ಬಂದ್ರೆ, ಮೆಷಿನ್ ತಡ್ಕೊಳ್ಳೋ ಹಾಗಿದ್ರೆ 11 ಹಾಕಿ, ಇಲ್ಲಾಂದ್ರೆ ಲಿನಕ್ಸೇ ಇರಲಿ. "ಇನ್‌ಸ್ಟಾಲ್ ಮಾಡೋಕೆ ಮುಂಚೆ ಆಂಟಿವೈರಸ್ ಆಫ್ ಮಾಡಿ" ಅನ್ನೋ ಕ್ರ್ಯಾಕ್ (ದುಡ್ಡು ಕೊಡದೆ ಓಡೋ ಹಾಗೆ ಲೈಸೆನ್ಸ್ ಮುರಿದ ಸಾಫ್ಟ್‌ವೇರ್) ಮತ್ತೆ ಬೇಡ. ಎಸ್‌ಟಿಒಪಿ ಅನ್ನೋ, ಫೈಲಿಗೆ ಬೀಗ ಹಾಕಿ ದುಡ್ಡು ಕೇಳೋ ರ್‍ಯಾನ್ಸಮ್‌ವೇರ್ ಮನೆಗಳಿಗೆ ಹಬ್ಬಿದ್ದೇ ಬಹುಪಾಲು ಈ ಕ್ರ್ಯಾಕ್‌ಗಳಿಂದ. ಫೈಲ್ ಹೆಸರಿನ ಬಾಲಕ್ಕೆ ವಿಚಿತ್ರ ಅಕ್ಷರ ಸೇರಿ ಏನೂ ಓಪನ್ ಆಗ್ತಿಲ್ಲ ಅಂದ್ರೆ ಅವನ್ನ ಡಿಲೀಟ್ ಮಾಡಬೇಡಿ, ಒಂದು ಕಡೆ ಕಾಪಿ ಇಟ್ಟು ನೋ ಮೋರ್ ರ್‍ಯಾನ್ಸಮ್ ಸೈಟಲ್ಲಿ ಆ ಬೀಗ ಬಿಡಿಸೋ ಫ್ರೀ ಡಿಕ್ರಿಪ್ಟರ್ ಇದ್ಯಾ ನೋಡಿ.

ಪಾಸ್‌ವರ್ಡ್‌ಗಳನ್ನ ಫೋನಿಂದ ಬದಲಾಯಿಸಿ, ವೈರಸ್ ಸಿಕ್ಕ ಆ ಕಂಪ್ಯೂಟರಿಂದ ಬೇಡ. ಮೊದಲು ಇಮೇಲ್, ಆಮೇಲೆ ಬ್ಯಾಂಕು, ಜೊತೆಗೆ ಎಲ್ಲಾ ಡಿವೈಸಿಂದ ಸೈನ್ ಔಟ್ ಮಾಡಿ, ಯಾಕಂದ್ರೆ ಬ್ರೌಸರ್ ಕುಕೀ (ನಿಮ್ಮ ಲಾಗಿನ್ ನೆನಪಿಟ್ಕೊಳ್ಳೋ ಮಾಹಿತಿ) ಕದ್ದವನಿಗೆ ಪಾಸ್‌ವರ್ಡೇ ಬೇಕಾಗಲ್ಲ. ಹಳೆ ಪೆನ್‌ಡ್ರೈವ್ ಹಾಕಿದಾಗ ಫೋಲ್ಡರ್ ಜಾಗದಲ್ಲಿ ಬರೀ ಶಾರ್ಟ್‌ಕಟ್ ಕಂಡ್ರೆ ಅದನ್ನ ಕ್ಲಿಕ್ ಮಾಡಬೇಡಿ, ನಿಮ್ಮ ಫೈಲು ಸಾಮಾನ್ಯವಾಗಿ ಅಲ್ಲೇ ಹಿಡನ್ ಆಗಿರುತ್ತೆ. ಪೆನ್‌ಡ್ರೈವ್ ಸ್ಕ್ಯಾನ್ ಮಾಡಿ, ಎಕ್ಸ್‌ಪ್ಲೋರರಲ್ಲಿ ಹಿಡನ್ ಐಟಮ್ಸ್ ಆನ್ ಮಾಡಿ, ಫೋಟೋ ಡಾಕ್ಯುಮೆಂಟ್ ಅಷ್ಟನ್ನೇ ಎತ್ಕೊಂಡು ಪೆನ್‌ಡ್ರೈವನ್ನ ಫಾರ್ಮ್ಯಾಟ್ ಮಾಡಿ.