ರಿಂಗ್ ಆರೂವರೆ ಅಡಿಗೆ ಇಳಿಸಿದ ಮೇಲೆ

ಐದರಿಂದ ಎಂಟು ವರ್ಷದ ಮಕ್ಕಳು ಬೇಸಿಗೆ ಶಿಬಿರಕ್ಕೆ ಸೇರಿ, ಎರಡನೇ ವಾರಕ್ಕೆಲ್ಲ ಕಾಣೆಯಾಗುವುದು ಬ್ಯಾಸ್ಕೆಟ್‌ಬಾಲ್ ಹೇಳಿಕೊಡುವ ಎಲ್ಲರಿಗೂ ಗೊತ್ತಿರುವ ಪಾಡು. ನನ್ನ ಶಿಬಿರದಲ್ಲೂ ಅರ್ಧ ಜನ ಉಳಿದರೆ ಹೆಚ್ಚು ಅನ್ನುವಂತಿತ್ತು. ಬುಟ್ಟಿಯ ರಿಂಗನ್ನು ಆರೂವರೆ ಅಡಿಗೆ ಇಳಿಸಿದ ಮೇಲೆ ಈಗ ಸುಮಾರು ಮುಕ್ಕಾಲು ಪಾಲು ಮಕ್ಕಳು ಕೊನೆತನಕ ಬರುತ್ತಾರೆ, ತಮ್ಮ-ತಂಗಿಯರನ್ನೂ ಎಳೆದುಕೊಂಡು ಬರುತ್ತಾರೆ.

ರಿಂಗ್ ಇಳಿಸಿದರೆ ಶಾಟ್, ಅಂದರೆ ಬುಟ್ಟಿಗೆ ಎಸೆಯುವ ರೀತಿ, ಕೆಡುತ್ತದೆ ಎಂದು ಹಿರಿಯ ಕೋಚ್‌ಗಳು ಹೇಳುತ್ತಲೇ ಇದ್ದರು. ಕೆಡುವುದು ದೊಡ್ಡವರ ಹತ್ತಡಿ ರಿಂಗಿನಲ್ಲೇ. 600 ಗ್ರಾಂ ತೂಗುವ, ಗಂಡಸರು ಆಡುವ ಏಳನೇ ನಂಬರ್ ಚೆಂಡನ್ನು ಆ 3.05 ಮೀಟರ್ ಎತ್ತರಕ್ಕೆ ಮುಟ್ಟಿಸಲು ಆರು ವರ್ಷದ ಮಗು ಎರಡೂ ಕೈಯಲ್ಲಿ ಸೊಂಟದಿಂದಲೇ ಎತ್ತಿ ಎಸೆಯಬೇಕು. ಈ ಚಾಳಿ ಅಂಟಿದರೆ ಬಿಡಿಸಲು ಬಹಳ ಕಾಲ ಹಿಡಿಯುತ್ತದೆ. ಆರೂವರೆ ಅಡಿಯ ರಿಂಗಿಗೆ 300 ಗ್ರಾಂ ಆಸುಪಾಸಿನ ಮೂರನೇ ನಂಬರ್ ಚೆಂಡು ಕೊಟ್ಟು ನೋಡಿ, ಸರಿಯಾದ ಎಸೆತಕ್ಕೆ ಬೇಕಾದಂತೆ ಮೊಣಕೈ ತಾನಾಗಿಯೇ ಚೆಂಡಿನ ಕೆಳಗೆ ಬರುತ್ತದೆ.

ರಿಂಗಿಗೆ ನಾನು ಬಳಸಿದ್ದು ಮಕ್ಕಳ 24 ಇಂಚು ಸೈಕಲ್ಲಿನ ಹಳೇ ರಿಮ್. ಒಳ ಅಗಲ 48 ಸೆಂಟಿಮೀಟರ್ ಹತ್ತಿರ; ನಿಜವಾದ ರಿಂಗಿನ 45ಕ್ಕಿಂತ ಸ್ವಲ್ಪ ದೊಡ್ಡದು, ಅದೇ ಬೇಕಾದದ್ದು. ಗುಜರಿಯಲ್ಲಿ ನನಗೆ ನೂರು ರೂಪಾಯಿಯೊಳಗೆ ಸಿಕ್ಕಿತು. ಸ್ಟೀಲಿನದ್ದೇ ತನ್ನಿ, ಅಲ್ಯೂಮಿನಿಯಂ ರಿಮ್ಮಿಗೆ ಕಬ್ಬಿಣದ ಬ್ರಾಕೆಟ್ ವೆಲ್ಡ್ ಕೂರುವುದಿಲ್ಲ. 36 ತೂತಿನ ರಿಮ್ ಆದರೆ ಮೂರು ತೂತಿಗೊಂದರಂತೆ ನೆಟ್ಟಿನ ಹನ್ನೆರಡು ಕುಣಿಕೆಗಳೂ ಸರಿಯಾಗಿ ಕೂರುತ್ತವೆ. ಶೂ ಲೇಸಿನಿಂದ ಕಟ್ಟಿದರೆ ಸಾಕು. ನೆಟ್ ಮಾತ್ರ ಬಿಡಬೇಡಿ. ಚೆಂಡು ನೆಟ್ಟಿನಲ್ಲಿ ಒಂದು ಕ್ಷಣ ತಡೆದು ಸರ್ರನೆ ಇಳಿಯುವುದನ್ನು ನೋಡಲಿಕ್ಕೇ ಮಗು ಮತ್ತೆ ಎಸೆಯುತ್ತದೆ.

ಕಂಬಕ್ಕೆ ಎರಡಿಂಚಿನ ಜಿಐ ಪೈಪು, ಅದರೊಳಗೆ ಒಂದೂವರೆ ಇಂಚಿನದ್ದು, ಅರ್ಧ ಅಡಿಗೊಂದು ತೂತು, ಅಡ್ಡ ಬೋಲ್ಟು. ಎರಡು ಪೈಪಿನ ನಡುವೆ ಸಂದು ಉಳಿಯುವುದರಿಂದ ರಿಂಗ್ ಲೊಡಲೊಡ ಅಲ್ಲಾಡುತ್ತದೆ. ಹೊರ ಪೈಪಿನ ಬಾಯಿ ಹತ್ತಿರ ತೂತು ಕೊರೆದು, ಮೇಲೆ ನಟ್ ವೆಲ್ಡ್ ಮಾಡಿಸಿ, ಬೋಲ್ಟಿನಿಂದ ಒಳ ಪೈಪನ್ನು ಒತ್ತಿಸಿದರೆ ನಿಲ್ಲುತ್ತದೆ. ಬುಡಕ್ಕೆ ಕಾಂಕ್ರೀಟ್ ತುಂಬಿದ ಕಾರಿನ ಟೈರು, ಹಿಂದುಗಡೆ ಎರಡು ಮರಳುಚೀಲ. ಇಲ್ಲದಿದ್ದರೆ ಯಾರಾದರೂ ಜೋತುಬಿದ್ದಾಗ ಮಗುಚುತ್ತದೆ. ಒಂದು ಕಂಬಕ್ಕೆ ಮೂರು ಸಾವಿರದ ಒಳಗೇ ಮುಗಿಯಿತು.

ದುಡ್ಡು ನುಂಗುವುದು ಚೆಂಡು. ತಲೆಗೊಂದು ಬೇಕೇ ಬೇಕು. ಸಾಲಿನಲ್ಲಿ ನಿಲ್ಲಿಸಿದರೆ ಆಟ ಸತ್ತಂತೆ. ರಬ್ಬರಿನದ್ದಕ್ಕೆ ಮುನ್ನೂರೈವತ್ತರಿಂದ ನಾನೂರು ಕೊಟ್ಟ ನೆನಪು. ಸೈಕಲ್ ಶಾಪಿನ ಕಂಪ್ರೆಸರ್ ಹಿಡಿಸಬೇಡಿ, ಉಬ್ಬಿ ಮೊಟ್ಟೆಯಾಕಾರಕ್ಕೆ ತಿರುಗುತ್ತವೆ. ಕೈಪಂಪು, ಒದ್ದೆ ಮಾಡಿದ ಸೂಜಿ. ಮಗುವಿನ ತಲೆಯೆತ್ತರದಿಂದ ಬಿಟ್ಟ ಚೆಂಡು ಸೊಂಟಕ್ಕೆ ಪುಟಿದರೆ ಗಾಳಿ ಸಾಕು. ಜಾಲಿ ಮುಳ್ಳಿಗೆ ಟ್ಯೂಬ್‌ಲೆಸ್ ಟೈರಿನ ದ್ರವ ತುಂಬಿಸಿ ನೋಡಿದೆ. ತೂತು ಮುಚ್ಚಿತು, ದ್ರವ ಒಂದು ಕಡೆ ಕೂತು ಚೆಂಡು ಅಡ್ಡಾದಿಡ್ಡಿ ಪುಟಿಯತೊಡಗಿತು.

ಕಲಿಸುವುದು ನಮ್ಮ ಆಟಗಳಲ್ಲೇ. ಓಡುತ್ತಾ ಬಂದು ಒಮ್ಮೆಲೇ ನಿಲ್ಲುವ ಜಂಪ್ ಸ್ಟಾಪಿಗೆ ಕೆರೆ-ದಡ: ಡ್ರಿಬಲ್ ಮಾಡುತ್ತಲೇ, ಅಂದರೆ ಚೆಂಡು ಪುಟಿಸುತ್ತಲೇ, ಗೆರೆ ದಾಟಿ, ಎರಡೂ ಕಾಲೂರಿ ನಿಲ್ಲಬೇಕು. ಓಡಿ ಬಂದು ಹಾರಿ ಹತ್ತಿರದಿಂದ ಬುಟ್ಟಿಗೆ ಹಾಕುವ ಲೇ-ಅಪ್ಪಿಗೆ ಕುಂಟೆಬಿಲ್ಲೆಯ ಹಾಗೆ ಸೀಮೆಸುಣ್ಣದಲ್ಲಿ ಎರಡು ಮನೆ: ಮೊದಲದರಲ್ಲಿ ಬಲಗಾಲು, ಎರಡನೆಯದರಲ್ಲಿ ಎಡಗಾಲು, ಅಲ್ಲಿಂದ ಹಾರು. ಮನೆಗಳ ಅಂತರ ಮಗುವಿನ ಒಂದು ದಾಪುಗಾಲಿಗಿಂತ ಹೆಚ್ಚಾದರೆ ಲಯ ತಪ್ಪುತ್ತದೆ. ನೆಲಕ್ಕೆ ಪುಟಿಸಿ ಜೊತೆಗಾರನಿಗೆ ದಾಟಿಸುವ ಬೌನ್ಸ್ ಪಾಸಿಗೆ ಲಗೋರಿ. ಚೆಂಡು ಒಮ್ಮೆ ನೆಲಕ್ಕೆ ಬಡಿದೇ ಕಲ್ಲು ಉರುಳಿಸಬೇಕು. ಯಾವುದನ್ನೂ ಐದಾರು ನಿಮಿಷಕ್ಕಿಂತ ಎಳೆಯುವುದಿಲ್ಲ, ‘ಇನ್ನೊಂದ್ಸಲ ಸಾರ್’ ಅನ್ನುವಾಗಲೇ ನಿಲ್ಲಿಸುತ್ತೇನೆ. ಕಡೆಯ ಹತ್ತು ನಿಮಿಷದ ಅಂಕದಾಟವೊಂದಿದೆ. ಮಕ್ಕಳನ್ನು ಮರುದಿನ ಕರೆತರುವುದು ಅದೇ. ಅದರ ಲೆಕ್ಕ ನನ್ನಲ್ಲೇ ಇರಲಿ.

ಪಂದ್ಯ ಮೂವರಿಗೆ ಮೂವರು. ಐವರಾದರೆ ಎಲ್ಲರೂ ಚೆಂಡಿನ ಮೇಲೇ ಮುಗಿಬೀಳುತ್ತಾರೆ. ಮೊದಮೊದಲು ಡಬಲ್ ಡ್ರಿಬಲ್ಲಿಗೆ, ಅಂದರೆ ಚೆಂಡು ಹಿಡಿದು ನಿಂತ ಮೇಲೆ ಮತ್ತೆ ಪುಟಿಸುವ ತಪ್ಪಿಗೆ, ಸೀಟಿ ಊದುವುದಿಲ್ಲ.

ಒಂದೂವರೆ ಮೀಟರ್ ದೂರದಿಂದ ಹತ್ತಕ್ಕೆ ಆರು ಬುಟ್ಟಿ ಸೇರಿದರೆ ರಿಂಗನ್ನು ಒಂದು ತೂತು ಮೇಲೇರಿಸಿ. ಎಸೆತ ಮತ್ತೆ ಸೊಂಟಕ್ಕಿಳಿದರೆ ಅಂದೇ ಕೆಳಗೆ ತನ್ನಿ. 2.60 ಮೀಟರ್, ಅಂದರೆ ಮಕ್ಕಳ ಮಿನಿ ಬ್ಯಾಸ್ಕೆಟ್‌ಬಾಲಿನ ಎತ್ತರ ಮುಟ್ಟಿದ ಮೇಲೆ ಐದನೇ ನಂಬರ್ ಚೆಂಡು; ಚೆಂಡು, ಎತ್ತರ ಎರಡನ್ನೂ ಒಂದೇ ವಾರ ಬದಲಿಸಬೇಡಿ.