ರಿಮ್ ಅಗಲ, ಟೈರ್ ಅಳತೆ ಮತ್ತು ಫ್ರೇಮಿನಲ್ಲಿ ಉಳಿಯಬೇಕಾದ ಜಾಗ

ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ ಶಿರಸಿಗೆ ರೋಡ್ ಬೈಕಿನಲ್ಲಿ, ಅಂದರೆ ಡಾಂಬರು ರಸ್ತೆಯ ತೆಳು ಟೈರಿನ ಸೈಕಲ್ಲಿನಲ್ಲಿ, ಹೋಗುವವರು ಅಗಲವಾದ ಟೈರ್ ಬಯಸುವುದು ಸಹಜವಾದರೂ, ಕೊಳ್ಳುವ ಮೊದಲು ರಿಮ್ಮಿನ ಒಳ ಅಗಲವನ್ನು, ಅಂದರೆ ಎರಡು ಅಂಚುಗಳ ಒಳಮೈಗಳ ನಡುವಿನ ಅಂತರವನ್ನು, ವರ್ನಿಯರ್ ಕ್ಯಾಲಿಪರಿನಿಂದ ಅಳೆಯಬೇಕು. ಟೈರಿನ ಪಕ್ಕದಲ್ಲಿರುವ 28-622 ಎಂಬ ಗುರುತಿನಲ್ಲಿ 28 ನಾಮಮಾತ್ರದ ಅಗಲ, 622 ಟೈರು ರಿಮ್ಮಿನಲ್ಲಿ ಕೂರುವ ವ್ಯಾಸ, ಎರಡೂ ಮಿಲಿಮೀಟರಿನಲ್ಲಿ. ಒಳ ಅಗಲ ಒಂದು ಮಿ.ಮೀ. ಹೆಚ್ಚಿದಂತೆ ಟೈರು ಸುಮಾರು 0.4 ಮಿ.ಮೀ. ಹಿಗ್ಗುವುದರಿಂದ, 15 ಮಿ.ಮೀ.ನ ಹಳೆಯ ರಿಮ್ಮಿನ ಬದಲು 21 ಮಿ.ಮೀ.ನದನ್ನು ಹಾಕಿದರೆ ಅದೇ ಟೈರು ಎರಡು ಮಿ.ಮೀ.ಗೂ ಹೆಚ್ಚು ಅಗಲವಾಗಬಹುದು. ಆದ್ದರಿಂದ ಗಾಳಿ ತುಂಬಿ, ಒಂದು ದಿನ ಬಿಟ್ಟು ನಿಜವಾದ ಅಗಲವನ್ನು ನೋಡಿಕೊಳ್ಳಿ. ಚೈನ್ ಸ್ಟೇ (ಹಿಂಚಕ್ರದ ಇಕ್ಕೆಲದ ಕೆಳಗಿನ ಕೊಳವೆಗಳು), ಸೀಟ್ ಟ್ಯೂಬ್ (ಸೀಟಿನ ಕೆಳಗಿನ ಕೊಳವೆ), ಫೋರ್ಕಿನ (ಮುಂಚಕ್ರ ಹಿಡಿಯುವ ಕವಲಿನ) ಮೇಲ್ಭಾಗ, ರಿಮ್ಮನ್ನೇ ಒತ್ತಿ ಹಿಡಿಯುವ ರಿಮ್ ಬ್ರೇಕಿದ್ದರೆ ಅದರ ಅಡಿ, ಇವುಗಳಲ್ಲಿ ಅತಿ ಇಕ್ಕಟ್ಟಾದ ಕಡೆಯೂ ಕನಿಷ್ಠ 4 ಮಿ.ಮೀ. ಜಾಗ ಉಳಿಯಬೇಕು, ನಮ್ಮ ಮಳೆಗಾಲದ ಕೆಂಪು ಮಣ್ಣಿಗೆ 6 ಮಿ.ಮೀ. ಇರಲೆಂಬುದು ನನ್ನ ಸಲಹೆ, ಏಕೆಂದರೆ ಟೈರಿಗೆ ಮೆತ್ತಿದ ಮಣ್ಣು ಮತ್ತು ಸಣ್ಣ ಕಲ್ಲುಗಳು ಫ್ರೇಮನ್ನು ಉಜ್ಜಿ ಸವೆಸುತ್ತವೆ. ಹುಕ್ (ಟೈರಿನ ಅಂಚನ್ನು ಹಿಡಿಯುವ, ರಿಮ್ಮಿನ ಒಳಬಾಗಿದ ತುದಿ) ಇಲ್ಲದ ರಿಮ್ಮಿಗೆ ತಯಾರಕರು ಒಪ್ಪಿದ ಟ್ಯೂಬ್‌ಲೆಸ್ ಟೈರನ್ನೇ ಹಾಕಿ, ಗಾಳಿಯನ್ನು 72 ಪಿಎಸ್‌ಐ ಮೀರದಂತೆ ತುಂಬಿಸಿ.